ತೆಳು ಮೆದುಳಿನ ಅಧ್ಯಕ್ಷೆ

ಆ ಚಿತ್ರವನ್ನು ಪರದೆಯ ಮೇಲೆ ಮೊದಲ ಸಲ ನೋಡಿದಾಗ ನಾನೂ ಚಪ್ಪಾಳೆ ತಟ್ಟಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಬೇರೆಯವರ ಬಗ್ಗೆ ನಾನು ಬರೆಯುವುದು ಅಷ್ಟೇನೂ ಮರ್ಯಾದೆಯ ಮಾತಲ್ಲ. ಬಲೂನಿನ ಹಾಗೆ ಊದಿಸಿ, ಮಡಿಕೆಗಳನ್ನೆಲ್ಲ ಬಿಡಿಸಿ ನಯ ಮಾಡಿದ ಬೂದು ಮೆದುಳು. ಅದರ ಮೇಲೆ ಅಲ್ಲಲ್ಲಿ ನೀಲಿ ತೇಪೆಗಳು. ನಮ್ಮ ಪ್ರೊಫೆಸರರು ಅಂಗೈಯನ್ನು ಆ ನೀಲಿಯ ಮೇಲಿಟ್ಟು, "ನೋಡಿ, ಸ್ಕೂಲಿಗೆ ಹೋಗದೇ ಇದ್ರೆ ಮೆದುಳಿಗೆ ಏನಾಗತ್ತೆ ಅನ್ನೋದು ಇಲ್ಲಿದೆ" ಎಂದರು. ಕೋಣೆಯಲ್ಲಿದ್ದ ಎಂಟು ಹತ್ತು ಮಂದಿ ಚಪ್ಪಾಳೆ ತಟ್ಟಿದೆವು. ಆಮೇಲೆ ಸಮೋಸ ಬಂತು.

ನಾನು ಶ್ರೀನಿವಾಸಪುರದವಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯವರ ಜೊತೆ ದಖ್ಖನಿ ಉರ್ದು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೆ. ಪ್ರೊಫೆಸರರು ನನಗೆ ಕೆಲಸ ಕೊಟ್ಟಿದ್ದು ಎಂ.ಎಸ್ಸಿ. ನೋಡಿ ಎಂದು ಬಹಳ ದಿನ ನಂಬಿಕೊಂಡಿದ್ದೆ. ಅವರು ಕೊಟ್ಟಿದ್ದು ನನ್ನ ನಾಲಿಗೆ ನೋಡಿ. ಮುಳಬಾಗಿಲಿನ ಕಡೆಯ ಮುದುಕಿಯರ ಜೊತೆ ತೆಲುಗಿನಲ್ಲಿ ಮಾತಾಡಿ, ಅವರನ್ನು ಗಾಡಿ ಹತ್ತಿಸಿ, ಎಂಆರ್‌ಐ ಯಂತ್ರದೊಳಗೆ ಮಲಗಿಸಬಲ್ಲವರು ಬೇಕಾಗಿತ್ತು. ಲೆಕ್ಕ ಮಾಡುವುದು ಆಮೇಲಿನ ಮಾತು.

ಕೆಲಸ ಇಷ್ಟು. ಮೆದುಳಿನ ಹೊರಗೆ ಹೊದಿಸಿದ ಹಾಗೆ ಒಂದು ಬೂದು ಪದರ ಇರುತ್ತದೆ. ಅದರ ದಪ್ಪ ಸರಾಸರಿಯಲ್ಲಿ ಮೂರು ಮಿಲಿಮೀಟರೂ ಇಲ್ಲ. ಸ್ಕ್ಯಾನ್ ತೆಗೆದರೆ ಕಂಪ್ಯೂಟರ್ ಆ ಪದರದ ಒಳಗಿನ ಅಂಚು, ಹೊರಗಿನ ಅಂಚು ಎರಡನ್ನೂ ಗುರುತಿಸಿ, ನಡುವಿನ ದಪ್ಪವನ್ನು ಸಾವಿರಾರು ಜಾಗಗಳಲ್ಲಿ ಅಳೆಯುತ್ತದೆ. ಅರವತ್ತು ದಾಟಿದವರಲ್ಲಿ ಶಾಲೆ ಕಲಿತವರದು ಒಂದು ಗುಂಪು, ಶಾಲೆಯ ಮೆಟ್ಟಿಲನ್ನೇ ಹತ್ತದವರದು ಇನ್ನೊಂದು ಗುಂಪು. ಎರಡೂ ಗುಂಪಿನ ಪದರ ಎಲ್ಲೆಲ್ಲಿ ಬೇರೆಯಾಗಿದೆ ಎಂದು ನೋಡುವುದು. ಬೆಂಗಳೂರಿನ ಸಂಸ್ಥೆಯೊಂದರ ಯೋಜನೆ. ಹೆಸರು ಬೇಡ, ಆ ಹೆಸರಿಗೆ ನನ್ನಿಂದ ಪ್ರಚಾರ ಸಿಗುವುದು ನನಗಿಷ್ಟವಿಲ್ಲ.

ಕಲಿತವರ ಗುಂಪು ಸುಲಭವಾಗಿ ಸಿಕ್ಕಿತು. ಕೋಲಾರದಲ್ಲಿ ನಿವೃತ್ತರಾದ ಮೇಷ್ಟ್ರುಗಳು, ಗುಮಾಸ್ತರು, ಬ್ಯಾಂಕಿನವರು. ಅವರಿಗೆ ಬೆಳಿಗ್ಗೆ ಹೊತ್ತು ಬೇಕಾದಷ್ಟಿತ್ತು. ಮೆದುಳಿನ ಸಂಶೋಧನೆ ಎಂದರೆ ಸನ್ಮಾನಕ್ಕೆ ಕರೆದ ಹಾಗೆ ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದರು. ಅವರಲ್ಲೊಬ್ಬರು ನಿವೃತ್ತ ಹೆಡ್‌ಮಾಸ್ಟರು. ಯಂತ್ರದೊಳಗೆ ಇನ್ಸ್‌ಪೆಕ್ಷನ್ ದಿನ ನಿಂತ ಹಾಗೆ ಉಸಿರು ಬಿಗಿಹಿಡಿದು ಮಲಗಿದರು. ಹೊರಗೆ ಬಂದವರೇ ಕೇಳಿದರು, "ನಂದು ದಪ್ಪ ಇರ್ಬೇಕಲ್ಲಮ್ಮ? ಮೂವತ್ತೈದು ವರ್ಷ ಗಣಿತ ಹೇಳ್ಕೊಟ್ಟಿದೀನಿ." ಇವರನ್ನೆಲ್ಲ ಕೋಲಾರದ ಒಂದು ಸ್ಕ್ಯಾನಿಂಗ್ ಸೆಂಟರಿನ ಹಳೆಯ ಯಂತ್ರದಲ್ಲಿ ಮಲಗಿಸಿದೆವು.

ಅಷ್ಟರಲ್ಲಿ ಆ ಯಂತ್ರ ಕೆಟ್ಟಿತು. ಮಾಲೂರಿನ ಕಡೆ ಹೊಸ ಸೆಂಟರೊಂದು ತೆರೆದಿತ್ತು. ಅಲ್ಲಿ ಬೇರೆ ಕಂಪನಿಯ ಹೊಸ ಯಂತ್ರ. ಕಲಿಯದವರ ಗುಂಪು ಪೂರ್ತಿಯಾಗಿ ಅಲ್ಲಿಗೆ ಹೋಯಿತು. ಇಟ್ಟಿಗೆ ಗೂಡುಗಳಲ್ಲಿ ಹೊಗೆ ಕುಡಿದೇ ವಯಸ್ಸಾದವರು, ಹೋಳೂರು ವಕ್ಕಲೇರಿ ಕಡೆಯ ರೈತರು, ಮುಳಬಾಗಿಲಿನ ಕಡೆ ಹಿಪ್ಪುನೇರಳೆ ಸೊಪ್ಪು ಬಿಡಿಸುವ ಹೆಂಗಸರು. ಇವರಿಗೆ ಒಂದು ದಿನ ಕೂಲಿ ತಪ್ಪಿಸಿ ಬರುವುದು ಕಷ್ಟ. ಬಂದರೆ ಆ ಗಡಗಡ ಸದ್ದಿನ ಕೊಳವೆಯೊಳಗೆ ಅಲುಗಾಡದೆ ಮಲಗುವುದು ಇನ್ನೂ ಕಷ್ಟ. ಗೂಡಿನವರು ಕೆಮ್ಮುತ್ತಿದ್ದರು. ಕೆಮ್ಮು ತಡೆಯಲು ಹೋಗಿ ಇಡೀ ಮೈ ಅದುರುತ್ತಿತ್ತು. ಒಬ್ಬಾಕೆ ಎಲೆಯಡಿಕೆ ಹಾಕಿಕೊಂಡೇ ಮಲಗಬಹುದಾ ಎಂದು ಕೇಳಿದಳು. ಸ್ಕ್ಯಾನ್ ತೆಗೆಯುವವನು ಮೈಕಿನಲ್ಲಿ, "ಅಜ್ಜಿ, ಅಲ್ಲಾಡ್ಬೇಡ" ಎಂದು ಗದರುತ್ತಿದ್ದ. ಹೆಡ್‌ಮಾಸ್ಟರಿಗೆ ಯಾರೂ ಗದರಿರಲಿಲ್ಲ.

ಅಧ್ಯಕ್ಷೆಯನ್ನು ನಾನು ನೋಡಿದ್ದು ಆಗ. ವಕ್ಕಲೇರಿ ಹೋಬಳಿಯ ಒಂದು ಹಳ್ಳಿಯಲ್ಲಿ ಮಹಿಳೆಯರ ಹಾಲಿನ ಸಂಘವಿದೆ, ಜನ ಡೈರಿ ಎನ್ನುತ್ತಾರೆ. ಅದರ ಅಧ್ಯಕ್ಷೆ ಅರವತ್ತೈದರ ಸುಮಾರಿನ ಗಟ್ಟಿ ಹೆಂಗಸು. ಓದು ಬಾರದು. ಅಧ್ಯಕ್ಷೆಯಾದ ಮೇಲೆ ಸಹಿ ಮಾಡುವುದನ್ನು ಮಾತ್ರ ಕಲಿತುಕೊಂಡಿದ್ದರು. ಊರಿನ ಯಾರ ಹಸು ಯಾವಾಗ ಕರು ಹಾಕಿತು, ಯಾವುದು ಒದೆಯುತ್ತದೆ, ಯಾವುದು ಮಳೆ ಬಂದರೆ ಹಾಲು ಬಿಡದೆ ಎಳೆದುಕೊಳ್ಳುತ್ತದೆ ಎಲ್ಲವೂ ಅವರ ಬಾಯಲ್ಲಿತ್ತು. ಅವರು ಬಂದರೆ ಉಳಿದ ಹೆಂಗಸರು ಬರುತ್ತಾರೆ ಎಂದು ನಾನೇ ಅವರನ್ನು ಒಪ್ಪಿಸಿದ್ದೆ.

"ಏನೂ ಆಗಲ್ಲ ತಾನೇ ಅಮ್ಮಣ್ಣಿ?" ಎಂದು ಕೇಳಿದ್ದರು.

"ಏನೂ ಆಗಲ್ಲಮ್ಮ. ಫೋಟೋ ತೆಗೆದಂಗೆ" ಎಂದಿದ್ದೆ.

ಯಂತ್ರದ ಕೋಣೆಯೊಳಗೆ ಲೋಹ ಒಯ್ಯುವಂತಿಲ್ಲ. ಮೂಗುತಿ ಬಿಚ್ಚಿದರು, ಓಲೆ ಬಿಚ್ಚಿದರು, ಕಾಲುಂಗುರವನ್ನು ಸೋಪು ಹಚ್ಚಿ ತೆಗೆಸಿದೆವು. ತಾಳಿ ಎಂದಾಗ ಮುಖ ಸಣ್ಣದಾಯಿತು. ಗಂಡ ಇದ್ದಾರೆ, ಮನೆಯಲ್ಲಿ ಹಸುಗಳಿಗೆ ನೀರು ತೋರಿಸುತ್ತಿದ್ದಾರೆ ಎಂದು ಎರಡು ಸಲ ಹೇಳಿದರು, ನಾನೇನೋ ಅವರು ಸತ್ತಿದ್ದಾರೆ ಎಂದ ಹಾಗೆ. ಕೊನೆಗೆ ಬಿಚ್ಚಿ ನನ್ನ ಕೈಗೆ ಕೊಟ್ಟರು. ಒಳಗೆ ಮಲಗಿದ ಮೇಲೆ ಅವರ ಬಲಗೈ ಮತ್ತೆ ಮತ್ತೆ ಕುತ್ತಿಗೆಗೆ ಹೋಗುತ್ತಿತ್ತು. ಸ್ಕ್ಯಾನ್ ತೆಗೆಯುವವನು ಎರಡು ಸಲ ಮೊದಲಿಂದ ಶುರು ಮಾಡಿದ. ಮೂರನೇ ಸಲವೂ ಕೈ ಹೋಯಿತು. "ಸಾಕು, ಬಂದಷ್ಟು ಬರ್ಲಿ" ಎಂದು ಸ್ಕ್ಯಾನಿನವನು ಮುಗಿಸಿದ.

ಹೀಗೆ ಸಿಕ್ಕಿದ ಸ್ಕ್ಯಾನುಗಳಿಂದ ಹುಟ್ಟಿದ್ದು ನಾನು ಚಪ್ಪಾಳೆ ತಟ್ಟಿದ ಆ ನೀಲಿ. ಕಲಿಯದವರ ಪದರ ಕೆಲವು ಜಾಗಗಳಲ್ಲಿ ತೆಳುವಾಗಿದೆ ಎಂದು ಅದರ ಅರ್ಥ. ಎಷ್ಟು ತೆಳು ಎಂದರೆ ಒಂದು ತಲೆಗೂದಲಿನ ದಪ್ಪದಷ್ಟು ಕಡಿಮೆ. ಆದರೆ ಬಣ್ಣ ಹಾಕಿದರೆ ಕೂದಲೂ ಕಾಲುವೆಯಷ್ಟು ಅಗಲ ಕಾಣುತ್ತದೆ.

ಸಮೋಸ ಅರಗಿದ ಮೇಲೆ ನನಗೆ ಬುದ್ಧಿ ಬರಲು ಶುರುವಾಯಿತು. ಒಂದು ಗುಂಪು ಪೂರ್ತಿ ಒಂದು ಯಂತ್ರದಲ್ಲಿ, ಇನ್ನೊಂದು ಗುಂಪು ಪೂರ್ತಿ ಇನ್ನೊಂದರಲ್ಲಿ. ಯಂತ್ರ ಬೇರೆಯಾದರೆ ದಪ್ಪದ ಅಳತೆಯೂ ಸ್ವಲ್ಪ ಬೇರೆ ಬರುತ್ತದೆ. ಆ ವ್ಯತ್ಯಾಸ ಶಾಲೆಯದೋ ಯಂತ್ರದ್ದೋ ಎಂದು ಬಿಡಿಸಿ ಹೇಳುವ ಯಾವ ಸೂತ್ರವೂ ಇಲ್ಲ. ಎರಡನೆಯದು, ಅಲುಗಾಟ. ತಲೆ ಅಲುಗಿದರೆ ಚಿತ್ರದ ಅಂಚು ಮಸುಕಾಗುತ್ತದೆ, ಅಂಚು ಮಸುಕಾದರೆ ಕಂಪ್ಯೂಟರ್ ಪದರವನ್ನು ತೆಳುವಾಗಿ ಅಳೆಯುತ್ತದೆ. ಇದು ನನ್ನ ಸಂಶೋಧನೆಯೇನಲ್ಲ, ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರಬೇಕಾದ ಮಾತು. ಕಲಿಯದವರ ಸ್ಕ್ಯಾನುಗಳನ್ನು ಒಂದೊಂದಾಗಿ ಕಣ್ಣಿನಲ್ಲಿ ನೋಡಿ, ತೀರಾ ಮಸುಕಾದವನ್ನು ಪಕ್ಕಕ್ಕಿಟ್ಟು ಲೆಕ್ಕವನ್ನು ಮತ್ತೆ ಓಡಿಸಿದೆ. ನೀಲಿ ತೇಪೆಗಳು ಮುದುಡಿಕೊಂಡವು. ಉಳಿದದ್ದು ಯಂತ್ರದ್ದೋ ಮನುಷ್ಯರದೋ ಯಾರಿಗೆ ಗೊತ್ತು.

ಎರಡೂ ಚಿತ್ರ ತೆಗೆದುಕೊಂಡು ಪ್ರೊಫೆಸರರ ಬಳಿ ಹೋದೆ.

"ಸರ್, ಇದು ಕೆಮ್ಮು" ಎಂದೆ.

"ಏನು ಕೆಮ್ಮು?"

"ಈ ನೀಲಿಯಲ್ಲಿ ಬಹುಪಾಲು ಇಟ್ಟಿಗೆ ಗೂಡಿನವರ ಕೆಮ್ಮು ಸರ್. ಅಲ್ಲಾಡಿದಾರೆ. ಜೊತೆಗೆ ಮಷಿನ್ ಬೇರೆ."

ಅವರು ಕನ್ನಡಕ ತೆಗೆದು ಒರೆಸಿದರು. ಯೋಚಿಸುವಾಗ ಹಾಗೆ ಮಾಡುತ್ತಾರೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಆ ಹೊತ್ತಿನಲ್ಲಿ ಅವರು ಯೋಚಿಸುತ್ತಿರಲಿಲ್ಲ, ಕನ್ನಡಕವನ್ನಷ್ಟೇ ಒರೆಸುತ್ತಿದ್ದರು ಎಂದು ಈಗ ನನಗೆ ಖಾತ್ರಿಯಾಗಿದೆ.

"ನೋಡಮ್ಮ, ಪಿ ವ್ಯಾಲ್ಯೂ ಬಂದಿದೆ ತಾನೇ? ಅದು ಬಂದಮೇಲೆ ವ್ಯತ್ಯಾಸ ಆಕಸ್ಮಿಕ ಅಲ್ಲ, ನಿಜವಾಗ್ಲೂ ಇದೆ ಅಂತಲೇ ಅರ್ಥ."

"ವ್ಯತ್ಯಾಸ ಇದೆ ಸರ್. ಯಾತರ ವ್ಯತ್ಯಾಸ ಅನ್ನೋದು ಪ್ರಶ್ನೆ. ನಿಜವಾಗಿ ತೆಳುವಾಗಿದೆ ಅಂತಲೇ ಇಟ್ಕೊಳ್ಳಿ, ಶಾಲೆ ಇಲ್ದೇ ಇದ್ದಿದ್ದಕ್ಕೋ, ಊಟ ಇಲ್ದೇ ಇದ್ದಿದ್ದಕ್ಕೋ, ಹೊಗೆಗೋ, ಹೇಗೆ ಹೇಳೋದು? ತೆಳು ಅಂದ್ರೆ ದಡ್ಡತನ ಅಂತಲೂ ಅಲ್ಲ. ಮಕ್ಕಳು ಬೆಳೀತಾ ಬೆಳೀತಾ ಪದರ ತೆಳುವಾಗೋದು ಸಹಜ ಅಲ್ವಾ ಸರ್?"

"ಅದನ್ನೆಲ್ಲ ಮಿತಿಗಳು ಅನ್ನೋ ಭಾಗದಲ್ಲಿ ಒಂದು ಸಾಲು ಬರೆದುಬಿಡಿ" ಎಂದು ಅವರು ಫೋನು ಕೈಗೆತ್ತಿಕೊಂಡರು.

ಒಂದು ಸಾಲು ಬರೆದೆ. ನಾನು ಆ ಹೊತ್ತಿಗೇ ಕೆಲಸ ಬಿಟ್ಟಿದ್ದರೆ ಇದನ್ನೆಲ್ಲ ಸ್ವಲ್ಪ ಗರ್ವದಿಂದಲೇ ಬರೆಯಬಹುದಿತ್ತು. ಬಿಡಲಿಲ್ಲ. ಪ್ರಬಂಧದಲ್ಲಿ ನನ್ನ ಹೆಸರು ನಾಲ್ಕನೆಯದಾಗಿ ಬರುವುದಿತ್ತು, ಅದರ ಆಸೆ ಇತ್ತು.

ಆಮೇಲೆ ಅವರಿಗೆ ಇನ್ನೊಂದು ಯೋಚನೆ ಬಂತು. ಭಾಗವಹಿಸಿದ ಜನರಿಗೆ ನಾವೂ ಏನಾದರೂ ಕೊಡಬೇಕಂತೆ. ಒಬ್ಬೊಬ್ಬರಿಗೂ ಒಂದು ಹಾಳೆ, ಅದರ ಮೇಲೆ ಅವರವರ ಮೆದುಳಿನ ಬಣ್ಣದ ಚಿತ್ರ. ಕಲಿತವರ ಸರಾಸರಿಗಿಂತ ಎಲ್ಲಿ ತೆಳುವೋ ಅಲ್ಲಿ ನೀಲಿ, ಎಲ್ಲಿ ದಪ್ಪವೋ ಅಲ್ಲಿ ಕೆಂಪು. ಗುಂಪಿನ ಸರಾಸರಿಗಾಗಿ ಮಾಡಿದ ಅಳತೆ ಒಬ್ಬ ಮನುಷ್ಯನ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ಪ್ರೊಫೆಸರರು ಮೊದಲ ವರ್ಷವನ್ನು ದಾಟಿ ಬಹಳ ದಿನವಾಗಿತ್ತು. ಚಿತ್ರದ ಕೆಳಗೆ ಕನ್ನಡದಲ್ಲಿ ಒಂದು ಸಾಲು ಬೇಕು ಎಂದರು. ಕನ್ನಡ ಬರೆಯಬಲ್ಲವಳು ನಾನೊಬ್ಬಳೇ. "ನಿಮ್ಮ ಮೆದುಳಿನ ಹೊರಪದರವು ಸರಾಸರಿಗಿಂತ ತೆಳುವಾಗಿದೆ" ಎಂದು ಬರೆದುಕೊಟ್ಟೆ. ವ್ಯಾಕರಣ ಸರಿಯಾಗಿತ್ತು.

ಹಾಳೆಗಳನ್ನು ಹಂಚಿದವಳೂ ನಾನೇ. ಹೆಡ್‌ಮಾಸ್ಟರ ಹಾಳೆಯಲ್ಲೂ ಸಾಕಷ್ಟು ನೀಲಿ ಇತ್ತು, ಡೈರಿ ಅಧ್ಯಕ್ಷೆಯದಕ್ಕಿಂತ ಕೆಲವು ಕಡೆ ಹೆಚ್ಚೇ ಇತ್ತು. ಸರಾಸರಿ ಎಂದ ಮೇಲೆ ಅದರ ಕೆಳಗೂ ಜನ ಇರುತ್ತಾರೆ. ಹೆಡ್‌ಮಾಸ್ಟರು ಮಾರನೇ ದಿನವೇ ಫೋನು ಮಾಡಿ, "ಎಲ್ಲೋ ಕೂಲಿಯೋರ ಹಾಳೆ ನನಗೆ ಬಂದಿದೆ, ನಂದು ಅವರಿಗೆ ಹೋಗಿದೆ, ಸರಿಯಾಗಿ ಹುಡುಕಮ್ಮ" ಎಂದರು. ಹುಡುಕುತ್ತೇನೆ ಎಂದೆ. ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು. ಗಣಿತ ಹೇಳಿಕೊಟ್ಟವರು ಸರಾಸರಿಯನ್ನು ನಂಬಿದ್ದು ಅದು ಬೇರೆಯವರ ಬಗ್ಗೆ ಇರುವ ತನಕ ಮಾತ್ರ.

ಎರಡು ತಿಂಗಳ ಮೇಲೆ ಅಧ್ಯಕ್ಷೆಯ ಫೋನು ಬಂತು.

"ಅಮ್ಮಣ್ಣಿ, ಒಂದ್ಸಲ ಬಂದೋಗು. ನನ್ ತಲೆ ವಿಚಾರ ಮೀಟಿಂಗಿಗೆ ಬಂದೈತೆ."

ವಿಷಯ ಹೀಗಿತ್ತು. ಸಂಘದ ಕಾರ್ಯದರ್ಶಿ ಒಬ್ಬ ಹೆಂಗಸು, ಪಿಯುಸಿ ಓದಿದವಳು, ಹಾಲು ಅಳೆದು, ಜಿಡ್ಡಿನ ಅಂಶ ನೋಡಿ ದರ ಗೊತ್ತುಮಾಡುವ ಫ್ಯಾಟ್ ಪರೀಕ್ಷೆ ಮಾಡುವವಳು. ಆದರೆ ಕುರ್ಚಿಯಲ್ಲಿ ಕೂರುತ್ತಿದ್ದವನು ಅವಳ ಗಂಡ. ಮಹಿಳೆಯರ ಸಂಘದಲ್ಲಿ ಅವನಿಗೆ ಯಾವ ಹುದ್ದೆಯೂ ಇಲ್ಲ, ಅವನು ಮಾತಾಡದ ಸಭೆಯೂ ಇಲ್ಲ. ಫ್ಯಾಟ್ ಯಂತ್ರವನ್ನು ವಾರಕ್ಕೊಮ್ಮೆ ಎಲ್ಲ ಸದಸ್ಯರ ಎದುರಿಗೆ ಸರಿನೋಡಬೇಕು, ಹೊರಗಿನವರು ಆ ಕೋಣೆಯಲ್ಲಿ ಕೂರಬಾರದು ಎಂದು ಅಧ್ಯಕ್ಷೆ ಹಟ ಹಿಡಿದಿದ್ದರು. ಹೊರಗಿನವರು ಎಂದರೆ ಅವನೊಬ್ಬನೇ. ಇಂಥ ಹೊತ್ತಿಗೆ ಸರಿಯಾಗಿ ಅವನ ಕೈಗೆ ನಮ್ಮ ಹಾಳೆ ಸಿಕ್ಕಿತು. ಅಧ್ಯಕ್ಷೆಯೇ ಏನು ಬರೆದಿದೆ ಓದಿ ಹೇಳು ಎಂದು ಕೊಟ್ಟಿದ್ದರಂತೆ. ಅವನು ಓದಿ ಹೇಳಿದ, ಫೋಟೋ ತೆಗೆದು ಊರಿನ ವಾಟ್ಸ್ಯಾಪ್ ಗುಂಪಿಗೂ ಹಾಕಿದ. "ಅಧ್ಯಕ್ಷರ ಮೆದುಳು ಸವೆದಿದೆ ಎಂದು ದೊಡ್ಡ ಡಾಕ್ಟರು ಬರೆದುಕೊಟ್ಟಿದ್ದಾರೆ. ಇನ್ನು ಅವರಿಗೆ ವಿಶ್ರಾಂತಿ ಕೊಡೋಣ." ನಾನು ತೆಳು ಎಂದು ಬರೆದದ್ದನ್ನು ಅವನು ಸವೆದಿದೆ ಎಂದು ತಿದ್ದಿದ್ದ. ನನ್ನ ಕನ್ನಡಕ್ಕಿಂತ ಅವನ ಕನ್ನಡ ಚುರುಕು.

ಪ್ರೊಫೆಸರರ ಬಳಿ ಹೋಗಿ, ಈ ಚಿತ್ರದಿಂದ ಯಾವ ವ್ಯಕ್ತಿಯ ಬುದ್ಧಿಯನ್ನೂ ಅಳೆಯಲು ಬರುವುದಿಲ್ಲ ಎಂದು ಒಂದು ಪತ್ರ ಬರೆದುಕೊಡಿ ಎಂದು ಕೇಳಿದೆ.

"ಹಳ್ಳಿ ರಾಜಕೀಯಕ್ಕೆ ನಾವು ಕೈ ಹಾಕೋ ಹಾಗಿಲ್ಲಮ್ಮ" ಎಂದರು. ಕನ್ನಡಕ ತೆಗೆದು ಒರೆಸುತ್ತಾ, "ಅದೂ ಅಲ್ದೆ, ನಾವು ಬರೆದಿರೋದೇನೂ ಸುಳ್ಳಲ್ವಲ್ಲ" ಎಂದರು.

ಆ ಮನುಷ್ಯನ ಬಗ್ಗೆ ನನಗಿದ್ದ ಕೊನೆಯ ಗೌರವ ಆ ಮೇಜಿನ ಮುಂದೆಯೇ ಮುಗಿಯಿತು. ಕೆಟ್ಟವರಾಗಿದ್ದರೆ ದ್ವೇಷಿಸಬಹುದಿತ್ತು. ಅವರು ಕೆಟ್ಟವರಲ್ಲ, ತಾನು ಅಳೆದದ್ದು ಏನು ಎಂದು ತಿಳಿದುಕೊಳ್ಳುವ ಶ್ರಮ ಬೇಡವಾದ ಸೋಮಾರಿ. ಕೋಟು ಹಾಕಿಕೊಂಡ ಸೋಮಾರಿತನಕ್ಕೆ ಎಷ್ಟು ಮಂದಿ ಎದ್ದು ನಿಲ್ಲುತ್ತಾರೆ ಎಂದು ನೋಡಿದರೆ ಆಶ್ಚರ್ಯವಾಗುತ್ತದೆ.

ಸಭೆಯ ದಿನ ಕೋಲಾರದಿಂದ ಮೊದಲ ಬಸ್ಸು ಹಿಡಿದು ಹೋದೆ. ಬೆಳಗಿನ ಹಾಲು ಹಾಕಿ ಮುಗಿದಿತ್ತು. ತೊಳೆದ ಕ್ಯಾನುಗಳನ್ನು ಬಾಗಿಲ ಬಳಿ ಬೋರಲು ಹಾಕಿದ್ದರು. ಒಳಗೆ ಚಾಪೆಯ ಮೇಲೆ ಮೂವತ್ತು ನಲವತ್ತು ಹೆಂಗಸರು. ಅಧ್ಯಕ್ಷೆ ಗೋಡೆಗೆ ಒರಗಿ ಕೂತಿದ್ದರು, ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಕಾರ್ಯದರ್ಶಿ ಫ್ಯಾಟ್ ಯಂತ್ರದ ಪಕ್ಕ ನಿಂತಿದ್ದಳು. ಕುರ್ಚಿಯಲ್ಲಿ ಅವಳ ಗಂಡ.

ಅವನು ಹಾಳೆಯನ್ನು ಎತ್ತಿ ಹಿಡಿದು ಶುರು ಮಾಡಿದ. "ನಾನೇನೂ ಯೋಳ್ತಾ ಇಲ್ಲಮ್ಮ. ಓದಿರೋ ಡಾಕ್ಟ್ರು ಯೋಳಿರೋದು. ನೀಲಿ ಬಣ್ಣ ನೋಡ್ರಿ, ಎಲ್ಲಾ ಸವೆದೋಗೈತೆ. ಪಾಪ, ವಯಸ್ಸಾದೋರು. ಜವಾಬ್ದಾರಿ ಯಾಕೆ ಅಂತ."

ಅಧ್ಯಕ್ಷೆ ನನ್ನ ಕಡೆ ತಿರುಗಿ, "ನೀನೇ ಯೋಳಮ್ಮ" ಎಂದರು.

ನಾನು ಎದ್ದು ನಿಂತೆ. ಸಂಖ್ಯಾಶಾಸ್ತ್ರದ ಪ್ರಕಾರ ಎರಡು ಸಮೂಹಗಳ ಸರಾಸರಿಗಳ ನಡುವಿನ ಅಂತರ ಎಂದು ಶುರು ಮಾಡಿದೆ. ಎರಡು ನಿಮಿಷದಲ್ಲಿ ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಒಬ್ಬಾಕೆ ಮಗ್ಗುಲಲ್ಲಿದ್ದವಳ ಸೆರಗಿನಿಂದ ಹುಲ್ಲಿನ ಚೂರು ತೆಗೆಯುತ್ತಿದ್ದಳು. ಹದಿನೇಳು ವರ್ಷ ಓದಿದ ನನ್ನ ಬಾಯಲ್ಲಿ ಜನಕ್ಕೆ ಅರ್ಥವಾಗುವ ಒಂದು ವಾಕ್ಯವೂ ಇರಲಿಲ್ಲ. ಗಂಡ ಮಹಾಶಯ ಕಾಲ ಮೇಲೆ ಕಾಲು ಹಾಕಿಕೊಂಡ.

ಆಗ ಕಾರ್ಯದರ್ಶಿ ಮಾತಾಡಿದಳು. ಅಲ್ಲಿಯ ತನಕ ಅವಳ ದನಿಯನ್ನೇ ನಾನು ಕೇಳಿರಲಿಲ್ಲ.

"ಅಕ್ಕ, ಕೋಲಾರದ ಮೇಷ್ಟ್ರುಗಳಿಗೂ ನಮ್ಮೋರಿಗೂ ಒಂದೇ ಮಿಷನ್ನಲ್ಲಿ ತೆಗೆದ್ರಾ?"

"ಇಲ್ಲ. ಅವರಿಗೆ ಕೋಲಾರದಲ್ಲಿ, ನಿಮಗೆ ಮಾಲೂರಲ್ಲಿ. ಬೇರೆ ಬೇರೆ."

"ಬೇರೆ ಮಿಷನ್ನಾ? ಒಬ್ಬರನ್ನೇ ಎರಡ್ರಲ್ಲೂ ಮಲಗಿಸಿ ನೋಡಿದ್ರಾ, ಎರಡೂ ಒಂದೇ ತೋರಿಸ್ತವಾ ಅಂತ?"

ಇಡೀ ಯೋಜನೆಯಲ್ಲಿ, ಅಷ್ಟು ಮಂದಿ ಡಾಕ್ಟರೇಟು ಮಾಡಿದವರಲ್ಲಿ, ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಇಲ್ಲ. ನೋಡಿಲ್ಲ" ಎಂದೆ.

ಅವಳು ಸದಸ್ಯೆಯರ ಕಡೆ ತಿರುಗಿದಳು. "ಹೋದ ವರ್ಷ ಹಳೇ ಮಿಷನ್ ಕೆಟ್ಟು ಹೊಸದು ಬಂತಲ್ಲ, ಎಲ್ಲಾರ್ದೂ ಫ್ಯಾಟ್ ಒಂದೇ ದಿನದಾಗೆ ಇಳಿದೋಯ್ತು. ಜಗಳ ಮಾಡಿದ್ರಲ್ಲ. ಹಳೇದ್ನ ರಿಪೇರಿ ಮಾಡ್ಸಿ ಒಂದೇ ಹಾಲನ್ನ ಎರಡ್ರಲ್ಲೂ ಹಾಕಿ ನೋಡಿದ್ದಕ್ಕೆ ತಾನೇ ತಪ್ಪು ಮಿಷನ್ದು ಅಂತ ಗೊತ್ತಾಗಿದ್ದು?"

ಚಾಪೆಯ ಮೇಲೆ ಗುಸುಗುಸು ಎದ್ದಿತು. ಸೆರಗಿನ ಹುಲ್ಲು ತೆಗೆಯುತ್ತಿದ್ದಾಕೆ ತಲೆಯೆತ್ತಿ, "ಮಿಷನ್ನೂ ಬೇರೆ, ಜನಾನೂ ಬೇರೆ. ಅದ್ಯಾಕೆ ಇದ್ಕೂ ಅದ್ಕೂ ತೂಗೋದು?" ಎಂದಳು.

"ನಾನು ಅಲ್ಲಾಡ್ಬಿಟ್ಟೆ ಕೂಡ" ಎಂದರು ಅಧ್ಯಕ್ಷೆ. "ತಾಳಿ ಬಿಚ್ಚಿಸಿಬಿಟ್ಟಿದ್ರು. ಕೈ ಸುಮ್ನಿರ್ಲಿಲ್ಲ."

"ಅಲ್ಲಾಡಿದರೆ ತೆಳುವಾಗಿ ಕಾಣತ್ತೆ" ಎಂದೆ ನಾನು. ಆ ದಿನ ನಾನು ಆಡಿದ ಮೊದಲ ಉಪಯೋಗದ ಮಾತು. ಅದರ ಹಿಂದೆಯೇ ಇನ್ನೊಂದೂ ಬಂತು. "ಈ ಊರಿನ ಹಾಲೆಲ್ಲ ಸೇರಿಸಿ ಪಕ್ಕದೂರಿನ ಹಾಲಿಗಿಂತ ಫ್ಯಾಟ್ ಕಡಿಮೆ ಬಂತು ಅಂತಿಟ್ಕೊಳ್ಳಿ. ಅದನ್ನ ಹಿಡ್ಕೊಂಡು ಅಮ್ಮನ ಹಸು ಹೇಗಿದೆ ಅಂತ ಹೇಳೋಕಾಗಲ್ಲ. ಓದಿದೋರ ಗುಂಪಲ್ಲೂ ಇವರಿಗಿಂತ ತೆಳುವಾಗಿ ಬಂದೋರು ಇದಾರೆ. ಈ ಹಾಳೆ ಅಮ್ಮನ ಬುದ್ಧಿ ಬಗ್ಗೆ ಏನೂ ಹೇಳಲ್ಲ. ಇದನ್ನ ಕೊಡಲೇಬಾರದಾಗಿತ್ತು."

ಗಂಡ ಕಾಲು ಕೆಳಗಿಳಿಸಿದ. "ದೊಡ್ಡ ಡಾಕ್ಟ್ರಿಗಿಂತ ನಿನಗೆ ಜಾಸ್ತಿ ಗೊತ್ತೇನೇ?" ಎಂದು ಹೆಂಡತಿಯನ್ನು ಕೇಳಿದ.

"ಮಿಷನ್ ವಿಚಾರ ಗೊತ್ತು" ಎಂದಳು ಅವಳು. "ದಿನಾ ಎರಡೊತ್ತು ನಾನೇ ನೋಡೋದು, ನೀನು ನೋಡಲ್ಲ."

ಹೆಂಗಸರು ನಕ್ಕರು. ಜೋರಾಗಿ ಅಲ್ಲ, ಸೆರಗು ಬಾಯಿಗಿಟ್ಟುಕೊಂಡು. ಅಷ್ಟೇ ಸಾಕಾಯಿತು. ಅವನು ಎದ್ದು, ಯಾರದೋ ಫೋನು ಬಂದ ಹಾಗೆ ಕಿವಿಗಿಟ್ಟುಕೊಂಡು ಹೊರಗೆ ಹೋದ. ಫೋನು ರಿಂಗಾಗಿರಲಿಲ್ಲ. ವಿಶ್ರಾಂತಿಯ ವಿಷಯ ಅಲ್ಲಿಗೇ ಬಿದ್ದುಹೋಯಿತು. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಯುವುದೂ ಬೇಡ ಎಂದು ಅಧ್ಯಕ್ಷೆ ಹೇಳಿದರು.

ಗೆದ್ದವಳಂತೆ ಬೀಗುತ್ತಾ ಅವರ ಮನೆಗೆ ಹೋದೆ. ನಡುಮನೆಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು. ಲೋಟ ಖಾಲಿಯಾದ ಮೇಲೆ ಕೇಳಿದರು.

"ಆ ಹಾಳೆ ಮ್ಯಾಲಿನ ಕನ್ನಡ ಬರೆದಿದ್ದು ಯಾರು?"

ಸುಳ್ಳು ಹೇಳಬಹುದಿತ್ತು. "ನಾನೇ ಅಮ್ಮ" ಎಂದೆ.

"ಅನ್ಕೊಂಡೆ. ಆ ಡಾಕ್ಟ್ರು ಇಂಗ್ಲಿಷಿನೋರು, ಅವ್ರಿಗೆಲ್ಲಿ ಬತ್ತದೆ." ನನ್ನ ಕೈಯಿಂದ ಲೋಟ ತೆಗೆದುಕೊಂಡರು. "ನಂಗೆ ಓದೋಕೆ ಬರಲ್ಲ, ಅದ್ಕೆ ಇನ್ನೊಬ್ಬರ ಕೈಲಿ ಓದ್ಸಿದೆ. ನೀನು ಓದಿರೋಳು. ಬರೆದ್ಮೇಲೆ ಒಂದ್ಸಲ ನೀನೇ ಓದ್ಕೊಂಡು ನೋಡ್ಬಾರ್ದಾಗಿತ್ತಾ?"

ಕೋಪವೇನೂ ಇರಲಿಲ್ಲ ಆ ದನಿಯಲ್ಲಿ. ನೀರು ಬೆರೆಸಿದ ಹಾಲು ತಂದವಳನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಲೋಟ ತೊಳೆಯಲು ಒಳಗೆ ಹೋದರು. ಹಿತ್ತಲಿನಲ್ಲಿ ಗಂಡನಿಗೆ ತೆಲುಗಿನಲ್ಲಿ ಏನೋ ಹೇಳಿದ್ದು ಕೇಳಿಸಿತು. ನನಗೆ ತೆಲುಗು ಬರುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೇಳಿದ್ದು ಇಷ್ಟೇ, ಆ ಹುಡುಗಿ ಹೊರಟಳಾ ನೋಡು ಎಂದು.

ಅವರು ಅವಧಿ ಮುಗಿಯುವ ತನಕ ಅಧ್ಯಕ್ಷೆಯಾಗಿದ್ದರು. ಆಮೇಲೆ ನಿಲ್ಲಲಿಲ್ಲ, ಮಂಡಿ ನೋವು. ಕಾರ್ಯದರ್ಶಿಯ ಗಂಡ ಈಗಲೂ ಡೈರಿಗೆ ಬರುತ್ತಾನಂತೆ, ಆದರೆ ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂರುತ್ತಾನಂತೆ. ಅವನ ಮನೆಯೊಳಗೆ ಏನು ನಡೆಯಿತು ಎಂದು ನನಗೆ ತಿಳಿಯದು. ಅವಳು ನನ್ನ ಫೋನು ಎತ್ತಲಿಲ್ಲ.

ಪ್ರಬಂಧ ಅಚ್ಚಾಯಿತು. ಮಿತಿಗಳ ಸಾಲು ಕೊನೆಯ ಪುಟದಲ್ಲಿ ಒಂದೇ ಒಂದಿದೆ. ನನ್ನ ಹೆಸರೂ ಇದೆ, ನಾಲ್ಕನೆಯದಾಗಿ. ತೆಗೆಸುತ್ತೇನೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡೆ, ತೆಗೆಸಲಿಲ್ಲ. ಆ ಹೆಸರಿನಿಂದಲೇ ಈಗಿನ ಕಾಲೇಜಿನ ಕೆಲಸ ಸಿಕ್ಕಿತು. ಪ್ರೊಫೆಸರರು ಕೋಲಾರಕ್ಕೆ ಬಂದು, ಅಕ್ಷರ ಮೆದುಳನ್ನು ದಪ್ಪ ಮಾಡುತ್ತದೆ ಎಂದು ನಿವೃತ್ತ ಶಿಕ್ಷಕರ ಎದುರಿಗೆ ಭಾಷಣ ಮಾಡಿದರು. ಶಿಕ್ಷಕರು ಶಾಲು ಹೊದಿಸಿದರು. ಒಬ್ಬರನ್ನೊಬ್ಬರು ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಹೆಡ್‌ಮಾಸ್ಟರು ಮೊದಲ ಸಾಲಿನಲ್ಲಿ ಕೂತಿದ್ದನ್ನು ಪತ್ರಿಕೆಯ ಫೋಟೋದಲ್ಲಿ ನೋಡಿದೆ.

ಯೋಜನೆ ಬಿಟ್ಟ ಮೇಲೆ ಒಂದು ಕೆಲಸ ಮಾಡಿದೆ. ಭಾನುವಾರಗಳಂದು ಬಸ್ಸಿನಲ್ಲಿ, ರೈಲಿನಲ್ಲಿ ಹೋಗಿ, ಕಲಿಯದವರ ಮನೆಗಳಿಂದ ಆ ಹಾಳೆಗಳನ್ನು ವಾಪಸು ಕೇಳಿದೆ. ಮುಳಬಾಗಿಲಿನ ಕಡೆ ಬಹಳ ಮಂದಿ ಅದನ್ನು ಎಲ್ಲಿಟ್ಟೆವೋ ನೆನಪಿಲ್ಲ ಎಂದರು, ನನಗೆ ಸಮಾಧಾನವಾಯಿತು. ಹೋಳೂರಿನಲ್ಲಿ ಒಂದು ಹಾಳೆ ಡಬ್ಬಿಯ ಕೆಳಗೆ ಹಾಸಿತ್ತು. ಮಾಲೂರಿನ ಗೂಡುಗಳಲ್ಲಿ ಅರ್ಧ ಮಂದಿ ಬೇರೆ ಗೂಡಿಗೆ ಹೋಗಿದ್ದರು, ವಿಳಾಸ ಯಾರಿಗೂ ಗೊತ್ತಿರಲಿಲ್ಲ. ಗೂಡಿನ ಹಿಂದಿನ ಶೀಟಿನ ಮನೆಯಲ್ಲಿ ಒಬ್ಬ ಮುದುಕ ಹಾಳೆಯನ್ನು ದೇವರ ಪಟಗಳ ಪಕ್ಕದಲ್ಲಿ ಅಂಟಿಸಿದ್ದ.

"ಅದು ಸರಿಯಿಲ್ಲ ತಾತ, ಕೊಡಿ" ಎಂದೆ.

"ನನ್ ತಲೆ ಫೋಟೋ ನಾನ್ಯಾಕ್ ಕೊಡ್ಲಿ?" ಎಂದು ಕೆಮ್ಮಿದ. "ನೋಡೋಕೆ ಚೆನ್ನಾಗೈತೆ."

ಚಿತ್ರ ನಿಮ್ಮ ಹತ್ತಿರವೇ ಇರಲಿ, ಕೆಳಗಿನ ಬರಹ ಮಾತ್ರ ತಪ್ಪು ಎಂದೆ. ಅವನು ಒಪ್ಪಿದ. ಸ್ಟೂಲು ಹತ್ತಿ, ಗೋಡೆಯ ಮೇಲಿದ್ದ ಹಾಗೆಯೇ, ನನ್ನ ಆ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿದೆ. ಒಂದೇ ಗೀಟಿಗೆ ಅಕ್ಷರ ಇನ್ನೂ ಕಾಣುತ್ತಿತ್ತು. ಇನ್ನೆರಡು ಗೀಟು ಎಳೆದೆ.